ಭಾವನ ಅಪ್ಪ ತಿಂದದ್ದು ಯಾವ ಪ್ರಾಣಿ?

ನಮ್ಮ ಭಾವನನ್ನು ಮಾತ್ರ ಯಾರೂ ಮೃಗಾಲಯಕ್ಕೆ ಕರೆದುಕೊಂಡು ಹೋಗಬಾರದು! ಬೋನಿನ ಮುಂದಿನ ಫಲಕವನ್ನು ನೀವು ನಾವು ತಿಳಿವಳಿಕೆಗೆಂದು ಓದಿದರೆ, ಅವರು ಅದನ್ನು ಹೋಟೆಲಿನ ಮೆನು ಓದಿದಂತೆ ಓದುತ್ತಾರೆ. ಯಾವುದೋ ಪ್ರಾಣಿಯಿಂದ ರೋಗ ಬಂತಂತೆ ಎಂದು ಲೋಕವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಡಚ್ಚರ ಊರಾದ ಆಮ್ಸ್ಟೆಲ್‌ವೀನಿನ ಅವರ ಮನೆಗೆ ವಾರಕ್ಕೊಂದು ಹೊಸ ಪ್ರಾಣಿ ಡಬ್ಬಿಯಲ್ಲಿ ಹೆಪ್ಪುಗಟ್ಟಿ ಬರುತ್ತಿತ್ತು. ಅದನ್ನು ಮೊದಲು ತಿನ್ನಬೇಕಾದವನು ನಾನು! ವಾಗೆನಿಂಗನ್‌ನ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ, ಕೆಲಸ ಸಿಗುವತನಕ ಎಂದು ಅಕ್ಕನ ಮನೆಯ ಮಹಡಿ ಸೇರಿದ್ದೆ. ಹಾಲಿನ ಡಬ್ಬಿಯನ್ನೂ ಸೋಪು ಹಚ್ಚಿ ತೊಳೆಯುವಷ್ಟು ಪುಕ್ಕಲ.

ಭಾವನಿಗೆ ಕಾರಣವಿತ್ತು. ಎರಡನೆಯ ಅಲೆಯಲ್ಲಿ ಮೈಸೂರಿನಲ್ಲಿ ಅವರ ಅಪ್ಪ ತೀರಿಕೊಂಡರು. ವಿಮಾನಗಳಿರಲಿಲ್ಲ; ಇದ್ದರೂ ಭಾವ, ಅಕ್ಕ ಇಬ್ಬರಿಗೂ ಅದೇ ಕಾಯಿಲೆ. ಅಪ್ಪನನ್ನು ಒಯ್ಯುವುದನ್ನು ಭಾವ ಫೋನಿನಲ್ಲಿ ನೋಡಿದರು. ನಾನು ಮಹಡಿಯ ಮೆಟ್ಟಿಲ ಮೇಲೆ ನಿಂತು, ಹತ್ತಿರ ಹೋಗಲು ಹೆದರಿ, ಅವರ ಬೆನ್ನು ನೋಡಿದೆ.

ಇನ್ನು ಪಿತೃಪಕ್ಷದ ಅಮಾವಾಸ್ಯೆಗೆ ಮೊದಲ ಎಡೆ ಇಡಬೇಕು. ನಮ್ಮ ಕಡೆ ಎಡೆಯೆಂದರೆ ಸತ್ತವರಿಗೆ ಇಷ್ಟವಾದದ್ದನ್ನೇ ಬಡಿಸಬೇಕು. ಬೀಡಿಯಾದರೆ ಬೀಡಿ, ಬೋಟಿಯಾದರೆ ಬೋಟಿ. ಆ ಹಿರಿಯರು ಜೀವನವಿಡೀ ನೆನೆದದ್ದು ಹುಡುಗನಾಗಿದ್ದಾಗ ಅವರ ಸೋದರಮಾವ ಕಾಡಿನಿಂದ ಹೊಡೆದು ತಂದಿದ್ದ ಒಂದು ಮಾಂಸವನ್ನು. ಯಾವ ಪ್ರಾಣಿ? ತೊಂದರೆಯೇ ಅದು! ನನ್ನ ಮುಂದೆ ಹೇಳಿದಾಗ ಅದು ಜಿಂಕೆ. ಅಕ್ಕನ ಮದುವೆಯಲ್ಲಿ ಹೇಳಿದಾಗ ಮೊಲ. ಭಾವ ಚಿಕ್ಕವರಿದ್ದಾಗ ಕಾಡುಕೋಳಿ, ಒಮ್ಮೆ ಮುಳ್ಳುಹಂದಿ. ಬದಲಾಗದೆ ಉಳಿದದ್ದು ಅವರ ಮುರಿದ ಹಲ್ಲು ಮಾತ್ರ. ಅಗಿಯುವಾಗ ಬಂದೂಕಿನ ಚರೆ ಸಿಕ್ಕಿ ಹಲ್ಲಿನ ಚೂರು ಹಾರಿತ್ತಂತೆ. ಅದೂ ನಿಜವೋ, ಸೈಕಲ್ಲಿನಿಂದ ಬಿದ್ದದ್ದೋ ಯಾರು ಬಲ್ಲರು?

ಭಾವನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಊಹೆ ಎಂದರೆ ಆಗದು, ಎಲ್ಲವನ್ನೂ ಪರೀಕ್ಷಿಸಿಯೇ ತೆಗೆದುಹಾಕಬೇಕು. ಮೊದಲ ವಾರವೇ ಕಾಂಗರೂ ಬಂತು.

"ಭಾವ, ಮೈಸೂರು ಸೀಮೆ ಕಾಡಲ್ಲಿ ಕಾಂಗರೂ ಎಲ್ಲಿತ್ತು?"

"ಬೇಸ್‌ಲೈನ್ ಕಣೋ ಅದು! ಯಾವ್ದು ಅಲ್ಲ ಅಂತ ಗೊತ್ತಾದ್ರೆ ತಾನೆ ಯಾವ್ದು ಹೌದು ಅಂತ ಗೊತ್ತಾಗೋದು? ಜನ್ಮವಿಡೀ ನೆನೆಯೋಷ್ಟು ರುಚಿ ಯಾವ್ದಕ್ಕಿದ್ಯೋ ಅದೇ ಅಪ್ಪ ತಿಂದಿದ್ದು. ತಿಂದು ಮಾರ್ಕ್ಸ್ ಕೊಡು. ಹತ್ತಕ್ಕೆ ಎಷ್ಟು?"

ಆಮೇಲೆ ಉಷ್ಟ್ರಪಕ್ಷಿ, ಆಮೇಲೆ ಮೊಸಳೆ. ಡಬ್ಬಿ ತರುವ ಡಚ್ ಮನುಷ್ಯ ಅದನ್ನು ಬಾಗಿಲಲ್ಲಿಟ್ಟು, ಒಂದೂವರೆ ಮೀಟರ್ ಹಿಂದೆ ಸರಿದು, ಒಂದು ದಿನ ತಡೆಯಲಾರದೆ ಕೇಳಿದ: ಇದೆಲ್ಲ ನಿಮ್ಮ ನಾಯಿಗೋ?

"ಇಲ್ಲ, ಹೆಂಡತಿಯ ತಮ್ಮನಿಗೆ," ಎಂದರು ಭಾವ. ಅಂದಿನಿಂದ ಅವನು ಕಿಟಕಿಯಲ್ಲಿ ನನ್ನನ್ನು ಕಂಡರೆ ಮರುಕದಿಂದ ಕೈಬೀಸುತ್ತಿದ್ದ.

ಮೊಸಳೆ ತಿಂದ ಮೇಲೆ ಮೂರು ದಿನ ನನ್ನ ಬಾಯಿಂದ ಥರ್ಮಾಮೀಟರ್ ಇಳಿಯಲಿಲ್ಲ. ಗಂಟಲು ಕೆರೆದರೆ ಸಾಕು, ಯಾವ ಪ್ರಾಣಿಯ ಯಾವ ಕಾಯಿಲೆಯೋ ಎಂದು ಬೆವರುತ್ತಿದ್ದೆ. ಆದರೂ ಮಾರ್ಕ್ಸ್ ಹೇಗೆ ಕೊಡುತ್ತಿದ್ದೆ? ರಾಗಿಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಕಲಿಸಿದ ಹಿರಿಯರಿಗೆ ನಮಸ್ಕಾರ! ತುಂಡನ್ನು ಮುದ್ದೆಯೊಳಗೆ ಹುದುಗಿಸಿ, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ಇಳಿಸಿಬಿಡುತ್ತಿದ್ದೆ. ನಾಲಿಗೆಗೆ ತಾಗುತ್ತಿದ್ದದ್ದು ಮೈಸೂರಿನಿಂದ ಬಂದ ಅದೇ ಸಾರಿನ ಪುಡಿ. ನಂತರ ಬಾಯಿಗೆ ಬಂದ ಅಂಕಿ. ಆಮೇಲೆ ಬಂದ ಜಿಂಕೆಗೆ ಒಂಬತ್ತು ಕೊಟ್ಟೆ, ಏಕೆಂದರೆ ಅಂದು ತುಂಡು ಚಿಕ್ಕದಾಗಿತ್ತು.

ಭಾವ ಒಂಬತ್ತು ಎಂದು ಬರೆದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಆಗಲೇ ನನಗೆ ಹೊಸ ಭಯ ಹುಟ್ಟಿದ್ದು. ನನ್ನ ಸುಳ್ಳಿನ ಮೇಲೆ ಒಬ್ಬ ಸತ್ತವರ ಎಡೆ ನಿಲ್ಲುವುದರಲ್ಲಿತ್ತು!

ಕೋಳಿ ಬಿಟ್ಟು ಬೇರಾವ ಮಾಂಸದ ತುಂಡನ್ನೂ ಮುಟ್ಟದ ಅಕ್ಕ ಮಾತ್ರ ಗೊಣಗುತ್ತಿದ್ದಳು. "ರೀ, ಏನ್ರೀ ಇಷ್ಟೊಂದು ಉಪ್ಪು? ಬರೀ ತಿಳೀ ಸಾರು ಬಿಟ್ಕೊಂಡ್ರೂ ಬಾಯಿಗೆ ಇಡೋಕಾಗಲ್ಲ. ನಾಲಿಗೆ ಸತ್ತೋಗಿದ್ಯಾ ನಿಮಗೆ?" ಭಾವ ಜೋರಾಗಿ ನಕ್ಕರು ಎಂದು ನನ್ನ ನೆನಪು. ನಗಲಿಲ್ಲವೇನೋ. ನೆನಪು ತನಗೆ ಬೇಕಾದ ಕಡೆ ನಗು ಸೇರಿಸಿಕೊಳ್ಳುತ್ತದೆ.

ಅಮಾವಾಸ್ಯೆಯ ದಿನ ಕೊನೆಯ ಡಬ್ಬಿ ಬಂತು: ಮೊಲ. ಇದು ಜಿಂಕೆಯ ಒಂಬತ್ತನ್ನು ಮೀರಿಸದಿದ್ದರೆ ಎಡೆಗೆ ಜಿಂಕೆಯೇ. ಮಧ್ಯಾಹ್ನ ನಾನು ಮಹಡಿಯಲ್ಲಿದ್ದಾಗ ಸೀದ ವಾಸನೆ ಮೂಗಿಗೆ ಹೊಡೆಯಿತು. ಹೊಗೆಯ ಅಲಾರಂ ಕಿರುಚಿತು. ಬೆಂಕಿಯೆಂದೇ ಹೆದರಿ ಇಳಿದು ಓಡಿದೆ. ಭಾವ ಪಾತ್ರೆಯ ಮೇಲೆ ಮೂಗು ಬಗ್ಗಿಸಿ ನಿಂತಿದ್ದರು. ತಳ ಹತ್ತಿ ಸಾರು ಕಪ್ಪಾಗುತ್ತಿತ್ತು. ಅವರು ತಲೆಯೆತ್ತಿ ಅಲಾರಮ್ಮಿಗೆ ಬೈಯುತ್ತಿದ್ದರು, ಸುಮ್ಮನೆ ಕೂಗುತ್ತಿದೆಯೆಂದು.

ಒಲೆ ಆರಿಸಿದೆ. "ಭಾವ, ನಿಮಗೆ ವಾಸನೆ ಬರ್ತಿಲ್ವಾ?"

ಅವರು ಸೌಟು ಕೆಳಗಿಟ್ಟರು. "ಕಾಯಿಲೆ ಬಂದಾಗ ಹೋಗಿದ್ದು ಕಣೋ, ವಾಪಸ್ ಬಂದೇ ಇಲ್ಲ. ರುಚಿನೂ ಇಲ್ಲ. ನಿಮ್ಮಕ್ಕನಿಗೆ ಹೇಳ್ಬೇಡ, ಗಾಬರಿ ಆಗ್ತಾಳೆ. ಅದಕ್ಕೇ ನಿನ್ನ ನಾಲಿಗೆ ನಂಬ್ಕೊಂಡಿದೀನಿ."

ಮೊಸಳೆಗೂ ನಾನು ಅಷ್ಟು ಹೆದರಿರಲಿಲ್ಲ.

"ನಾನು ಒಂದನ್ನೂ ಅಗಿದಿಲ್ಲ ಭಾವ. ಎಲ್ಲಾ ಮುದ್ದೆ ಜೊತೆ ನುಂಗಿದ್ದು."

ಬೈಯುತ್ತಾರೆಂದು ಕಾದೆ. ಅವರು ಸೀಯದೆ ಉಳಿದಿದ್ದ ಒಂದು ತುಂಡನ್ನು ತಟ್ಟೆಗೆ ಹಾಕಿ, ಮುದ್ದೆಯನ್ನು ದೂರ ಸರಿಸಿದರು. "ಹಂಗಾದ್ರೆ ಇವತ್ತು ಅಗಿ."

ಅಗಿದೆ. ನಾರು, ಕಬ್ಬಿಣದಂಥ ಒಗರು. ನಾಲ್ಕನೆಯ ಸಲವೋ ಐದನೆಯ ಸಲವೋ ದವಡೆ ಕಟಕ್ ಎಂದಿತು. ಹಲ್ಲು ಹೋಯಿತೆಂದು ಕೂಗಿ ಉಗಿದೆ. ತಟ್ಟೆಯಲ್ಲಿ ಟಣ್ ಎಂದು ಬಿದ್ದದ್ದು ಮೆಣಸಿನ ಕಾಳಿನಷ್ಟು ದುಂಡಗಿನ ಕಪ್ಪು ಚರೆ.

ಇದರಿಂದ ಏನೂ ಸಾಬೀತಾಗುವುದಿಲ್ಲ. ಇಲ್ಲಿ ಬೇಟೆಯ ಮೊಲಗಳಲ್ಲಿ ಚರೆ ಸಿಗುವುದು ಮಾಮೂಲಂತೆ. ಇಷ್ಟು ಒಪ್ಪವಾಗಿ ನಡೆದದ್ದನ್ನು ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಭಾವ ಟೆಸ್ಟರ್, ಇದು ಸಾಬೀತಲ್ಲವೆಂದು ಅವರಿಗೂ ಗೊತ್ತು. ಅವರು ಎಷ್ಟು ಮಾರ್ಕ್ಸ್ ಎಂದು ಕೇಳಲೇ ಇಲ್ಲ. ಚರೆಯನ್ನು ತೊಳೆದು, ಒರೆಸಿ, ಅಪ್ಪನ ಫೋಟೋದ ಮುಂದಿನ ಬಾಳೆ ಎಲೆಯಲ್ಲಿ ಅನ್ನದ ಪಕ್ಕಕ್ಕಿಟ್ಟರು. ಸೀದ ಸಾರನ್ನೇ ಬಡಿಸಿ ಕೈಮುಗಿದರು.

"ಅಪ್ಪಾ," ಎಂದರು, "ನೋಡ್ಕೊಂಡು ಅಗಿ."