ಮಾವನ ಕೋವಿ, ಅಳಿಯನ ಕೋವಿ

“ಅಸಲಿ ಕೋವಿಯೇ ನಾಚಿ ಮುಖ ಮುಚ್ಚಿಕೊಳ್ಳಬೇಕು, ಹಾಗೆ ಮಾಡಿದ್ದೇನೆ!” ಎಂದು ಪಾಣೆಮಂಗಳೂರಿನ ಲೋಕನಾಥ ಹೆಂಡತಿ ಸರಸಳ ಎದುರು ಎದೆ ತಟ್ಟಿಕೊಂಡ. ನಾಟಕದ ಪರದೆ ಬರೆದು, ಮರದ ಗದೆ, ಕಿರೀಟ ಮಾಡಿ ನಾಲ್ಕೂರಿನಲ್ಲಿ ಹೆಸರಾದ ಕಲಾವಿದ ಆತ. ಮೂಡಬಿದಿರೆಯಲ್ಲಿ ಬೀಡುಬಿಟ್ಟಿದ್ದ ಮದರಾಸಿನ ಸಿನೆಮಾದವರಿಗೆ ಸಿಪಾಯಿಗಳ ಕೈಗೆ ಕೊಡಲು ಮರದ ಕೋವಿಗಳು ಬೇಕಿದ್ದವು. ಮಾದರಿಗೆಂದು ಒಂದು ತಯಾರಾಗಿಯೂ ಇತ್ತು. ತೂಕ ಬರಲೆಂದು ಹಿಡಿಯೊಳಗೆ ಸೀಸ ತುಂಬಿದ್ದ!

“ನೀವು ಜನ್ಮದಲ್ಲಿ ಕೋವಿ ಮುಟ್ಟಿದ್ದುಂಟಾ?”

“ಅದಕ್ಕೇ ನಿನ್ನ ಅಪ್ಪನನ್ನು ಊಟಕ್ಕೆ ಕರೆದದ್ದು!”

ಚುನಾವಣೆ ಹತ್ತಿರ ಬಂದಿತ್ತು. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳೆಲ್ಲ ಠಾಣೆಗೆ ಹೋಗಿ ಕೂರಬೇಕು. ಮತ ಎಣಿಸಿದ ಮೇಲೆಯೇ ಅವಕ್ಕೆ ಬಿಡುಗಡೆ. ಮಾವ ಅಣ್ಣು ಶೆಟ್ಟರು ಗದ್ದೆಗೆ ನುಗ್ಗುವ ಹಂದಿಗಳಿಗೆಂದು ಇಟ್ಟುಕೊಂಡಿದ್ದ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು, ಠಾಣೆಗೆ ಹೋಗುವ ದಾರಿಯಲ್ಲಿ ಅಳಿಯನ ಮನೆ ಹೊಕ್ಕರು.

ಕೋರಿ ರೊಟ್ಟಿ ಹೊಟ್ಟೆಗಿಳಿಯಿತು. ಮಾವ ಚಾಪೆಯ ಮೇಲೆ ಉರುಳಿ ಗೊರಕೆ ಹೊಡೆಯತೊಡಗಿದರು. ಲೋಕನಾಥ ಮೆಲ್ಲಗೆ ಗೋಣಿ ಬಿಚ್ಚಿ ಎರಡು ಕೋವಿಗಳನ್ನೂ ಅಕ್ಕಪಕ್ಕ ಮಲಗಿಸಿದ.

“ನೋಡು, ಇದು ನಳಿಗೆ. ಇದು ಕುದುರೆ, ಎಳೆದರೆ ಢಂ! ಇದು ಹಿಡಿ, ಹೆಗಲಿಗೆ ಒತ್ತುವುದು. ನನ್ನದರಲ್ಲಿ ಎಂತ ಕೊರತೆ ಉಂಟು, ಹೇಳು?”

“ಕೊರತೆ ಎಂತದೂ ಇಲ್ಲ. ಅಪ್ಪ ಏಳುವ ಮೊದಲು ಕಟ್ಟಿಡಿ.”

ಒಳಗೆ ಮಾವ ಕೆಮ್ಮಿದರು. ಲೋಕನಾಥ ಗಡಿಬಿಡಿಯಲ್ಲಿ ಒಂದನ್ನು ಗೋಣಿಯಲ್ಲಿ ಸುತ್ತಿ ಬಾಗಿಲ ಬಳಿ ಇಟ್ಟ, ಇನ್ನೊಂದನ್ನು ಅಟ್ಟಕ್ಕೇರಿಸಿದ. ಮಾವ ಮುಖ ತೊಳೆದು, ಗೋಣಿ ಎತ್ತಿಕೊಂಡು ಠಾಣೆಗೆ ಹೋಗಿ, ರಶೀದಿ ಪಡೆದು, ಚಹಾದ ಹೊತ್ತಿಗೆ ಮರಳಿದರು.

ಆಗ ಕಲಾವಿದರಿಗೆ ತಮ್ಮ ಕೃತಿಗೆ ಕೊನೆಯ ಮೆರುಗು ಕೊಡುವ ಮನಸ್ಸಾಯಿತು. ಅಟ್ಟದಿಂದ ಇಳಿಸಿ ಎಣ್ಣೆ ಬಟ್ಟೆಯಲ್ಲಿ ತಿಕ್ಕಿದರೆ, ಹಿಡಿಯ ಅಡಿಯಲ್ಲಿ ‘ಅ. ಶೆ.’ ಎಂದು ಕೊರೆದ ಅಕ್ಷರ ಕಾಣಬೇಕೇ! ಸರ್ಕಾರದ ವಶದಲ್ಲಿರುವುದು ಮರದ ಕೋವಿ, ಅಸಲಿ ಮನೆಯಲ್ಲಿ! ತಿಳಿದರೆ ಮಾವನ ಲೈಸೆನ್ಸ್ ರದ್ದು. ಲೈಸೆನ್ಸ್ ಹೋದರೆ ಹಂದಿಗಳಿಗೆ ಹಬ್ಬ, ಮಾವನ ಮನೆಗೆ ಆ ವರ್ಷದ ಅಕ್ಕಿಯಿಲ್ಲ.

ಲೋಕನಾಥ ಓಡಿಹೋಗಿ ಮಾವನ ಕಾಲಿಗೆ ಬಿದ್ದು ಎಲ್ಲವನ್ನೂ ಹೇಳಿದ. “ಹೊಟ್ಟೆಗೆ ಹಾಕಿಕೊಳ್ಳಿ ಮಾವ!”

ಅಣ್ಣು ಶೆಟ್ಟರು ಬಯ್ಯಲಿಲ್ಲ. ಲೋಟದ ಚಹಾ ಮುಗಿಸಿ, “ಏಳಿ ಮಾರಾಯ್ರೇ, ಕತ್ತಲಾಗುವ ಮೊದಲು ಹೋಗುವ,” ಎಂದರು. ಬಯ್ದಿದ್ದರೆ ಲೋಕನಾಥ ತಡೆದುಕೊಳ್ಳುತ್ತಿದ್ದ. ಆ ಒಂದು ಮಾತಿಗೆ ಅವನ ಕಣ್ಣು ತುಂಬಿತು. ಅಸಲಿಯನ್ನು ಇನ್ನೊಂದು ಗೋಣಿಯಲ್ಲಿ ಸುತ್ತಿಕೊಂಡು ಎದ್ದ. ಸರಸಳೂ ಸೆರಗು ಸಿಕ್ಕಿಸಿಕೊಂಡು ಹೊರಟಳು.

ಠಾಣೆಯ ಹೆಡ್ ಕಾನ್‌ಸ್ಟೇಬಲ್ ನಂಬಲೇ ಇಲ್ಲ. “ನನಗೆ ಕೋವಿ ಗೊತ್ತಿಲ್ಲವಾ? ಮರದ್ದಂತೆ! ಯಾವುದು ಯಾರದ್ದೆಂದು ಹೆಸರಿನ ಚೀಟಿ ಕಟ್ಟುವುದು ನಾಳೆ. ನೀವೇ ಮಾಡಿದ್ದಲ್ಲವಾ? ನೀವೇ ತೋರಿಸಿ.”

ಗೋಡೆಗೊರಗಿ ಸಾಲಾಗಿ ನಿಂತಿದ್ದ ಕೋವಿಗಳನ್ನು ಲೋಕನಾಥ ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಎಲ್ಲವೂ ಅಸಲಿಯಾಗಿಯೇ ಕಂಡವು! ಒಂದರತ್ತ ಕೈ ಚಾಚಿ ಹಿಂದೆಗೆದ, ಇನ್ನೊಂದರತ್ತ ಚಾಚಿ ಬೆವರೊರೆಸಿಕೊಂಡ. ಹೆತ್ತ ಮಗುವಿನ ಗುರುತೇ ಹೆತ್ತವನಿಗೆ ಸಿಗಲಿಲ್ಲ.

ಸರಸ ಮುಂದೆ ಬಂದು ಥಟ್ಟನೆ ಒಂದನ್ನು ಎತ್ತಿ ಹಿಡಿದಳು. “ಇದು!”

“ಹೇಗೆ ಗೊತ್ತಾಯಿತಮ್ಮ?” ಎಂದರು ಹೆಡ್ ಕಾನ್‌ಸ್ಟೇಬಲ್.

“ನಳಿಗೆಯ ಬಾಯಿಯಲ್ಲಿ ನೆಗ್ಗು ನೋಡಿ. ನಾನು ಒಲೆಯ ಕಲ್ಲಿಗೆ ಕುಟ್ಟಿ ಕುಟ್ಟಿ ಆದದ್ದು. ಇದು ನಮ್ಮ ಅಡುಗೆಮನೆಯ ಊದುಕೊಳವೆ! ಈ ಮಹಾನುಭಾವರು ಕಪ್ಪು ಬಣ್ಣ ಬಳಿದಿದ್ದಾರೆ. ಬರೀ ಬಾಯಲ್ಲಿ ಒಲೆ ಊದಿ ನನ್ನ ಕೆನ್ನೆ ಬತ್ತಿಹೋಯಿತು!”

ಊದುಕೊಳವೆಗೆ ಸರ್ಕಾರದ ರಶೀದಿ ಕೊಟ್ಟವರ ಮೀಸೆ ಮೆಲ್ಲಗೆ ಇಳಿಯಿತು. ಬಾಗಿಲ ಕಡೆಗೊಮ್ಮೆ ನೋಡಿ, ಅಸಲಿಯನ್ನು ಸಾಲಿನಲ್ಲಿ ನಿಲ್ಲಿಸಿ, ಇನ್ನೊಂದನ್ನು ಗೋಣಿಗೆ ತುರುಕಿ ಕೊಟ್ಟರು.

“ಹೊರಗೆ ಯಾರಲ್ಲಿಯೂ ಹೇಳ್ಬೇಡಿ, ಆಯ್ತಾ?”

ರಸ್ತೆಗೆ ಬಂದಾಗ ಲೋಕನಾಥನ ಮನಸ್ಸು ತುಂಬಿ ಬಂದಿತ್ತು. ಇಂಥ ಹೆಂಡತಿ, ಇಂಥ ಮಾವ ಯಾವ ಪುಣ್ಯಕ್ಕೆ ಸಿಕ್ಕಿದರೋ!

“ಸರಸ, ಮಾವನ ಲೈಸೆನ್ಸೂ ನನ್ನ ಮಾನವೂ ಉಳಿದದ್ದು ನಿನ್ನಿಂದ. ಮನೆಗೆ ಹೋದ ಕೂಡಲೇ ಇದನ್ನು ಒಡೆದು ಊದುಕೊಳವೆ ಕೊಡ್ತೇನೆ. ಸಿನೆಮಾ ಹಾಳಾಗಿ ಹೋಗಲಿ! ಮಾವ, ನಿಮ್ಮ ಉಪಕಾರವನ್ನೂ ಮರೆಯುವುದಿಲ್ಲ. ಒಂದು ಮಾತೂ ಬಯ್ಯಲಿಲ್ಲ ನೀವು!”

ಅಣ್ಣು ಶೆಟ್ಟರು ಬಾಯಿಯ ವೀಳ್ಯ ಉಗಿದು ನಕ್ಕರು.

“ಬಯ್ಯುವುದು ಎಂತಕ್ಕೆ? ಮುಂದಿನ ಚುನಾವಣೆಗೆ ಕೋವಿ ಮನೆಯಲ್ಲೇ ಇರಲಿ ಅಂತ ಸರ್ಕಾರಕ್ಕೆ ಹೇಳುವ. ನಿಮ್ಮನ್ನು ಠಾಣೆಯಲ್ಲಿಟ್ಟು ರಶೀದಿ ತರ್ತೇನೆ!”