ಎಲ್ಲಿಗೂ ಹೋಗದ ತಂತಿ

"ಈ ಗಾಡೀನ ಹಿಂಗ ಮಂದಿ ಮುಂದ ಒಯ್ಯಾಕ ನಾ ಬಿಡಂಗಿಲ್ಲ," ಎಂದು ಶಾಮೀದಸಾಬರು ಶುಕ್ರವಾರ ಮಧ್ಯಾಹ್ನ ಊಟದ ತಟ್ಟೆಯ ಮುಂದೆಯೇ ಸಾರಿದರು. "ಭಾನುವಾರದೊಳಗ ಇದರ ವೈರಿಂಗ್ ಹೆಂಗ ಮಾಡ್ತೀನಿ ನೋಡ್ತಿರು. ಮಾನ್ವಿ ಮಂದಿ ರೇಸ್ ನೋಡೋದು ಬಿಟ್ಟು ಇದರ ಹೊಟ್ಟಿ ನೋಡಬೇಕು."

ಹೆಂಡತಿ ವಾಹಿದಾ ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು. "ಮಿನಾಜ್ ಏನು ಹೇಳಿ ಹೋಗ್ಯಾಳ?"

"ಬ್ಯಾಟರಿ ಚಾರ್ಜ್ ಮಾಡಿ ತರ್ರಿ ಅಂದಾಳ."

"ಮತ್ತ?"

"ಮತ್ತೇನೂ ಮುಟ್ಟಬ್ಯಾಡ್ರಿ ಅಂದಾಳ."

"ಪೂರಾ ನೆನಪದ ಅಂದಂಗಾತು," ಎಂದಳು ವಾಹಿದಾ, ಮತ್ತು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಗಾಡಿ ಎಂದರೆ ಮೊಳದುದ್ದದ ರೇಸ್ ಕಾರು. ಕೈಯಲ್ಲಿ ರಿಮೋಟ್ ಹಿಡಿದು ಓಡಿಸುವಂಥದು. ಆಟದ ಸಾಮಾನು ಎಂದು ಯಾರಾದರೂ ಅಂದರೆ ಮಗಳು ಮಿನಾಜಳಿಗೆ ಸಿಟ್ಟು ಬರುತ್ತಿತ್ತು. ದೇವದುರ್ಗದ ಖಾಸಗಿ ತರಬೇತಿ ಕೇಂದ್ರವೊಂದರಲ್ಲಿ ಅವಳು ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದಳು. ವಾರವೆಲ್ಲ ಅಲ್ಲೇ ಬಾಡಿಗೆ ಖೋಲಿ, ರಜೆಗೆ ರಾಯಚೂರಿನ ಮನೆ. ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ ಅವಳೇ ಈ ಕಾರು ಕಟ್ಟಿದ್ದಳು. ಭಾನುವಾರ ಮಾನ್ವಿಯಲ್ಲಿ ಅವಳ ಮೊದಲ ರೇಸು. ಅವಳು ದೇವದುರ್ಗದಿಂದ ನೇರ ಬರುವುದು, ಅಪ್ಪ ಅಮ್ಮ ರಾಯಚೂರಿನಿಂದ ಕಾರು ತರುವುದು ಎಂದು ಮಾತಾಗಿತ್ತು.

ಶಾಮೀದಸಾಬರು ನಲವತ್ತು ವರ್ಷಗಳಿಂದ ರಾಯಚೂರು ಜಿಲ್ಲೆಯ ಮನೆಗಳಿಗೂ ಮಿಲ್ಲುಗಳಿಗೂ ವೈರಿಂಗ್ ಮಾಡುತ್ತ ಬಂದವರು. ಅವರು ಕೂಡಿಸಿದ ಸ್ವಿಚ್ ಬೋರ್ಡಿನ ಮುಚ್ಚಳ ತೆಗೆದರೆ ಒಳಗಿನ ತಂತಿಗಳು ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಒಂದೇ ದಿಕ್ಕಿಗೆ ಮಲಗಿರುತ್ತಿದ್ದವು. ಯಾರೂ ನೋಡದ ಕಡೆ ಇಷ್ಟು ಚೊಕ್ಕ ಯಾಕೆ ಎಂದು ಮನೆಯವರು ಕೇಳಿದರೆ, "ನಾ ನೋಡೀನಲ್ಲ," ಎನ್ನುತ್ತಿದ್ದರು.

ಅವರ ಮನಸ್ಸಿನ ಒಳಗೆ ಒಂದು ತಂತಿ ಮಾತ್ರ ಸಿಕ್ಕಾಗಿಯೇ ಉಳಿದಿತ್ತು. ಮಿನಾಜ್ ಹತ್ತನೆಯ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, "ಅಬ್ಬಾ, ನಿಮ್ಮ ಕೂಡ ಕೆಲಸಕ್ಕ ಬರ್ತೀನಿ," ಅಂದಿದ್ದಳು. "ಹೆಣ್ಣು ಹುಡುಗಿ ನಿಚ್ಚಣಿಕಿ ಏರಿದ್ರ ಮಂದಿ ಬೋರ್ಡ್ ನೋಡಂಗಿಲ್ಲ, ನಿನ್ನ ನೋಡ್ತಾರ," ಎಂದು ಇವರು ಹೇಳಿಬಿಟ್ಟರು. ಅವಳು ಎರಡನೇ ಸಲ ಕೇಳಲಿಲ್ಲ. ಬೇರೆಯವರ ಹತ್ತಿರ ಕಲಿತಳು. ಅಲ್ಲಿಂದಾಚೆಗೆ ಅಪ್ಪ ಮಗಳ ನಡುವೆ ಊಟದ ಮಾತು, ಬಸ್ಸಿನ ಹೊತ್ತಿನ ಮಾತು, ಅಷ್ಟೇ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಶಾಮೀದಸಾಬರಿಗೆ ಹತ್ತು ವರ್ಷ ಸಿಕ್ಕಿರಲಿಲ್ಲ. ಶುಕ್ರವಾರ ಕಾರಿನ ಮೇಲ್ಮುಚ್ಚಳ ತೆಗೆದಾಗ ಸಿಕ್ಕಂತಾಯಿತು.

ಒಳಗೆ ಮೋಟಾರು, ಅದಕ್ಕೆ ವೇಗ ಹೇಳುವ ಸ್ಪೀಡ್ ಕಂಟ್ರೋಲರು, ಚಕ್ರ ತಿರುಗಿಸುವ ಸಣ್ಣ ಸರ್ವೋ, ರಿಮೋಟಿನ ಹುಕುಂ ಹಿಡಿಯುವ ಬೆಂಕಿಪೆಟ್ಟಿಗೆಯಷ್ಟು ರಿಸೀವರು ಇದ್ದವು. ಇವುಗಳ ನಡುವೆ ಕೆಂಪು, ಕಪ್ಪು, ನೀಲಿ ತಂತಿಗಳು ಸಂತೆಯ ದಿನದ ಬಸ್‌ಸ್ಟ್ಯಾಂಡಿನಂತೆ ಒಂದರ ಮೇಲೊಂದು ಬಿದ್ದಿದ್ದವು. ಗಾಡಿ ಓಡುತ್ತಿತ್ತು, ನಿಜ. ಆದರೆ ಓಡುವುದೊಂದೇ ಸಾಕೆಂದು ಶಾಮೀದಸಾಬರು ಎಂದೂ ಒಪ್ಪಿದವರಲ್ಲ.

ಎರಡು ದಿನ ಮನೆಯ ಆಡಳಿತ ಅವರ ಕೈಗೆ ಹೋಯಿತು. ವಾಹಿದಾಳ ಹೊಲಿಗೆ ಮಷಿನ್ನಿನ ಮೇಜು ವಶವಾಯಿತು. ಅವಳ ಸಣ್ಣ ಕತ್ತರಿ, ಚಿಮಟ, ಅಳತೆಪಟ್ಟಿ ಎಲ್ಲವೂ ಸೇವೆಗೆ ನಿಂತವು. ಬೆಸುಗೆ ಹಾಕುವ ಕಡ್ಡಿ ಉರುಳಿ, ಫಾಲ್ ಹಚ್ಚಲು ಬಂದಿದ್ದ ವಿಜಯಲಕ್ಷ್ಮಿ ಟೀಚರ ಸೀರೆಯ ಅಂಚಿನಲ್ಲಿ ಕಡಲೆಕಾಳಿನಷ್ಟು ತೂತು ಮಾಡಿತು.

"ಅದರ ಮ್ಯಾಲ ಒಂದು ಹೂವು ಹಾಕಿಬಿಡು," ಎಂದರು ಶಾಮೀದಸಾಬರು, ತಲೆ ಎತ್ತದೆ.

"ಒಂದ ಹೂವು ಹೆಂಗ ಹಾಕಲಿ? ಆರು ಗಜದ ಅಂಚಿಗೆ ಪೂರಾ ತೋಟ ಹಾಕಬೇಕಾಗ್ತದ."

ಆದರೂ ಕೆಲಸ ಕೆಲಸವೇ. ಒಂದೊಂದು ತಂತಿಯನ್ನೂ ಅಳೆದರು. ಹೆಚ್ಚಾದದ್ದನ್ನು ಕತ್ತರಿಸಿ, ತುದಿಗೆ ಬೆಸುಗೆ ಹಾಕಿ, ಮೇಲೆ ರಬ್ಬರಿನ ಕೊಳವೆ ಏರಿಸಿ ಬಿಸಿ ಕೊಟ್ಟು ಬಿಗಿ ಮಾಡಿದರು. ಚಕ್ರ ತಿರುಗುವ ಕಡೆ ಎಳೆತ ಬೀಳದಂತೆ ಸ್ವಲ್ಪ ಸಡಿಲು ಬಿಟ್ಟರು. ಮೋಟಾರಿನ ದಪ್ಪ ತಂತಿಗಳನ್ನು ಒಂದು ಬದಿಗೂ ರಿಸೀವರಿನ ಸಣ್ಣ ತಂತಿಗಳನ್ನು ಇನ್ನೊಂದು ಬದಿಗೂ ಕರೆದೊಯ್ದು ಕಟ್ಟಿದರು. ಇಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಸರಿಯೇ ಇತ್ತು. ಬಲ್ಲವರೂ ತಪ್ಪು ಹುಡುಕುವಂತಿರಲಿಲ್ಲ.

ಶನಿವಾರ ಸಂಜೆ ಒಂದು ಬೂದುಬಣ್ಣದ ತಂತಿ ಉಳಿಯಿತು. ರಿಸೀವರಿನಿಂದ ಹೊರಟು, ಪ್ಲಾಸ್ಟಿಕ್ ಕೊಳವೆಯೊಂದರಲ್ಲಿ ಮೇಲೇರಿ, ಅಲ್ಲೇ ಮುಗಿದುಹೋಗಿತ್ತು. ಆ ಕಡೆ ಯಾವುದಕ್ಕೂ ಅದು ಕೂಡಿರಲಿಲ್ಲ. ನಲವತ್ತು ವರ್ಷದ ಅನುಭವದಲ್ಲಿ ಎಲ್ಲಿಗೂ ಹೋಗದ ತಂತಿಗೆ ಒಂದೇ ಅರ್ಥ. ಹಿಂದೆ ಯಾರೋ ಬಿಟ್ಟುಹೋದ ಸತ್ತ ತಂತಿ. ರೇಡಿಯೋಗೆ ಏರಿಯಲ್ ಇರುತ್ತದೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅವರು ಕಂಡ ಏರಿಯಲ್ ಹೊಳೆಯುವ ಕಡ್ಡಿ, ಎಳೆದರೆ ಉದ್ದವಾಗುವಂಥದು. ಈ ಎರೆಹುಳದಂಥದು ಏರಿಯಲ್ ಇದ್ದೀತೆಂಬ ಅನುಮಾನ ಕೂಡ ಅವರಿಗೆ ಬರಲಿಲ್ಲ.

"ಒಂದು ಫೋನ್ ಹಚ್ಚಿ ಆಕೀಗೆ ಕೇಳ್ರಿ," ಎಂದಳು ವಾಹಿದಾ.

"ತಂತಿ ಬಗ್ಗೆ ನಾ ಕೇಳಬೇಕ? ಆಕಿ ನನಗ ಹೇಳಬೇಕ?"

ಕತ್ತರಿ ಆಡಿತು. ತುದಿಗೆ ಮುತ್ತಿನಂಥ ಟೊಪ್ಪಿಗೆ ಹಾಕಿ ಮಡಚಿ ಮಲಗಿಸಿದರು. ಆಮೇಲೆ ಓಡಿಸಿ ನೋಡಿದರು. ಕಾರು ಪಡಸಾಲೆಯಿಂದ ಅಡುಗೆಮನೆಗೆ ಹೋಗಿ, ಜೋಳದ ಹಿಟ್ಟಿನ ಡಬ್ಬಿಯನ್ನು ಸುತ್ತುಹಾಕಿ, ವಿಧೇಯವಾಗಿ ಮರಳಿ ಬಂದು ಅವರ ಕಾಲ ಬಳಿ ನಿಂತಿತು. ಇಡೀ ಮನೆ ಒಟ್ಟು ಹದಿನೆಂಟು ಹೆಜ್ಜೆಯ ಉದ್ದ ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಭಾನುವಾರ ರೇಸು ನಡೆದದ್ದು ಮಾನ್ವಿಯ ಹೊರಗೆ, ಮಹಾಂತಯ್ಯನವರ ಅಕ್ಕಿ ಮಿಲ್ಲಿನ ಭತ್ತ ಒಣಗಿಸುವ ಕಟ್ಟೆಯ ಮೇಲೆ. ಎರಡು ಎಕರೆ ಸಿಮೆಂಟು ನೆಲ. ಅದರ ಮೇಲೆ ಸುಣ್ಣದ ಗೆರೆ, ಹಳೆಯ ಟೈರುಗಳ ತಿರುವು, ದೂರದ ಮೂಲೆಯಲ್ಲಿ ಆಳೆತ್ತರದ ಭತ್ತದ ರಾಶಿ. ರಾಶಿಯ ಪಕ್ಕದ ನೆರಳಿನಲ್ಲಿ ಮಹಾಂತಯ್ಯನವರು ಹಾರ ಹಾಕಿಸಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅವರ ಮಿಲ್ಲಿನ ದೊಡ್ಡ ಬೋರ್ಡು ಕೂಡಿಸಿದವರು ಶಾಮೀದಸಾಬರೇ.

ರೇಸು ಏರ್ಪಡಿಸಿದ ಅಂಬಣ್ಣ ಒಂದೊಂದೇ ಕಾರಿನ ಮುಚ್ಚಳ ತೆಗೆದು ಪರೀಕ್ಷೆ ಮಾಡುತ್ತಿದ್ದ. ಮಿನಾಜಳ ಕಾರು ತೆಗೆದವನು ಹಾಗೇ ನಿಂತ. ಆಮೇಲೆ ಉಳಿದವರನ್ನು ಕರೆದ. ಹತ್ತು ಹನ್ನೆರಡು ಮಂದಿ ಬಗ್ಗಿ ನೋಡಿದರು. ಒಬ್ಬ ಫೋಟೋ ತೆಗೆದ.

"ಯಾರ್ರಿ ಇದನ್ನ ಮಾಡಿದವ್ರು?"

ಶಾಮೀದಸಾಬರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಬಸ್ಸಿಳಿದು ಓಡಿಬಂದ ಮಿನಾಜ್ ಮಂದಿಯ ನಡುವೆ ತಲೆ ತೂರಿಸಿದಳು. ಕಾರು ನೋಡಿದಳು, ಅಪ್ಪನನ್ನು ನೋಡಿದಳು.

"ಮುಟ್ಟಬ್ಯಾಡ್ರಿ ಅಂದಿದ್ದೆ, ಅಬ್ಬಾ."

ಅವಳು ಬೆರಳಿನಿಂದ ಒಂದು ಬೆಸುಗೆಯನ್ನು ಸವರಿದಳು.

"ಭಾಳ ಚೊಲೋ ಆಗೇದ," ಎಂದಳು ಮೆಲ್ಲಗೆ.

ಹತ್ತು ವರ್ಷದಲ್ಲಿ ಊಟ ಮತ್ತು ಬಸ್ಸು ಬಿಟ್ಟು ಅವಳಾಡಿದ ಮೊದಲ ಒಳ್ಳೆಯ ಮಾತು ಅದು. ಶಾಮೀದಸಾಬರಿಗೆ ಬಿಸಿಲು ತುಸು ಹೆಚ್ಚಾದಂತೆ ಕಂಡು, ಟವೆಲಿನಿಂದ ಮುಖ ಒರೆಸಿಕೊಂಡರು. ಪೂರಾ ಬಿಚ್ಚಿ ನೋಡಲು ಅವಳಿಗೆ ಹೊತ್ತಿರಲಿಲ್ಲ. ಸೀಟಿ ಊದಿಯಾಗಿತ್ತು.

ಮೊದಲ ತಿರುವಿನಲ್ಲಿ ಅವಳ ಕಾರು ಮೂರನೆಯದು, ಎರಡನೆಯದರಲ್ಲಿ ಮೊದಲನೆಯದು. ಶಾಮೀದಸಾಬರು ಪಕ್ಕದವನ ಹೆಗಲು ಹಿಡಿದುಕೊಂಡರು. ಕಾರು ದೂರದ ಮೂಲೆ ಮುಟ್ಟಿತು. ಅಲ್ಲಿ ಎಡಕ್ಕೆ ತಿರುಗಬೇಕಿತ್ತು, ತಿರುಗಲಿಲ್ಲ. ಮಿನಾಜ್ ಗುಂಡಿ ಒತ್ತಿದಳು, ಬಿಟ್ಟಳು, ರಿಮೋಟು ತಲೆಯ ಮೇಲೆ ಎತ್ತಿ ಹಿಡಿದಳು. ರಿಮೋಟಿನ ಸಂಪರ್ಕ ತಪ್ಪಿದರೆ ತಾನೇ ನಿಲ್ಲುವ ಬುದ್ಧಿ ಅವಳ ಅಗ್ಗದ ರಿಸೀವರಿಗೆ ಇರಲಿಲ್ಲ. ಕೊನೆಗೆ ಸಿಕ್ಕ ಹುಕುಂ ಯಾವುದೋ ಅದನ್ನೇ ಅದು ಪಾಲಿಸುತ್ತಿತ್ತು. ಕೊನೆಗೆ ಸಿಕ್ಕದ್ದು, ಪೂರ್ತಿ ವೇಗ.

ಕಾರು ಸುಣ್ಣದ ಗೆರೆ ದಾಟಿ ನೇರ ಮಹಾಂತಯ್ಯನವರ ಕಡೆಗೆ ನಡೆಯಿತು. ಅವರು ಗೌರವಸ್ಥರು, ಓಡಲಿಲ್ಲ. ಎರಡೂ ಕಾಲು ನೆಲದಿಂದ ಎತ್ತಿ ಹಾಗೇ ಹಿಡಿದು ಕೂತರು. ಕಾರು ಕುರ್ಚಿಯ ಕೆಳಗಿನಿಂದ ಹಾದು ಭತ್ತದ ರಾಶಿಯೊಳಗೆ ಹೊಕ್ಕಿತು. ಹೊಕ್ಕು ಅಲ್ಲೇ ನಿಂತಿದ್ದರೆ ಎಷ್ಟೋ ಮೇಲಿತ್ತು. ಹಿಂದಿನ ಚಕ್ರಗಳು ತಿರುಗುತ್ತಲೇ ಇದ್ದವು. ಭತ್ತ ಕಾರಂಜಿಯಂತೆ ಎದ್ದು ಮಹಾಂತಯ್ಯನವರ ತಲೆಯ ಮೇಲೆ, ಹಾರದ ಮೇಲೆ, ಕೈಯಲ್ಲಿದ್ದ ಚಹಾದೊಳಗೆ ಸುರಿಯಿತು. ಎಲ್ಲರೂ ಅತ್ತ ಓಡಿದರು, ಯಾರೋ ಬ್ಯಾಟರಿ ಕಿತ್ತರು. ಮಹಾಂತಯ್ಯನವರು ಆಗ ಕಾಲು ಇಳಿಸಿದರು.

ಅಂಬಣ್ಣ ಹಾಳೆ ತೆಗೆದ. "ಬ್ಯಾಸರ ಮಾಡ್ಕೋಬ್ಯಾಡ್ರಿ, ಮೇಡಂ. ಇದು ಚಾಲಕರ ನಿರ್ಲಕ್ಷ್ಯ ಅಂತ ಬರೀಬೇಕಾಗ್ತದ. ಈ ವರ್ಷದ ಉಳಿದ ರೇಸಿಗೂ ನಿಮ್ಮನ್ನ ಬಿಡಾಕ ಬರಂಗಿಲ್ಲ."

ಮಿನಾಜ್ ಕಾರನ್ನು ಮಗುಚಿ ಭತ್ತ ಉದುರಿಸುತ್ತಿದ್ದಳು. ಮಡಚಿ ಮಲಗಿಸಿದ ಬೂದು ತಂತಿ ಅವಳ ಕಣ್ಣಿಗೆ ಬಿತ್ತು. ಎಳೆದಳು. ತುದಿಯ ಟೊಪ್ಪಿಗೆ ನೋಡಿದಳು. ಅಪ್ಪನ ಕಡೆ ಒಮ್ಮೆ ಮಾತ್ರ ತಿರುಗಿದಳು.

"ಹೌದ್ರಿ," ಎಂದಳು ಅಂಬಣ್ಣನಿಗೆ. "ತಪ್ಪು ನಂದ. ಬಿಡೋ ಮೊದಲ ನಾ ನೋಡಬೇಕಿತ್ತು."

ಶಾಮೀದಸಾಬರು ಆ ಕ್ಷಣಕ್ಕೆ ಸುಮ್ಮನಿರಬಹುದಾಗಿತ್ತು. ಸುತ್ತ ನಿಂತವರಲ್ಲಿ ಅರ್ಧ ಮಂದಿಯ ಮನೆಗಳಿಗೆ ಅವರು ಬೆಳಕು ಕೊಟ್ಟವರು. ಅವರ ಮಾತಿನ ಮೇಲೆ ಮಂದಿ ಮೀಟರು ಬದಲಿಸುತ್ತಿದ್ದರು, ಮೋಟಾರು ಕೊಳ್ಳುತ್ತಿದ್ದರು. ಪಕ್ಕದಲ್ಲಿ ವಾಹಿದಾ ಸೆರಗಿಗೆ ಅಂಟಿದ್ದ ಭತ್ತದ ಕಾಳು ತೆಗೆಯುತ್ತಿದ್ದಳು. ಶಾಮೀದಸಾಬರು ಒಂದು ಹೆಜ್ಜೆ ಮುಂದೆ ಬಂದರು.

"ಆಕಿ ಹೆಸರು ಬರೀಬ್ಯಾಡ, ಅಂಬಣ್ಣ," ಎಂದರು. "ಕತ್ತರಿಸಿದಾವ ನಾನು. ಆಕಿ ಮುಟ್ಟಬ್ಯಾಡ ಅಂದಿದ್ಲು."

"ಅದು ಆಂಟೆನಾ ಅಲ್ಲೇನ್ರಿ, ಸಾಬರ? ಯಾಕ ಕತ್ತರಿಸಿದ್ರಿ?"

"ಎಲ್ಲಿಗೂ ಹೋಗಿದ್ದಿಲ್ಲ ಅದು."

ಹಿಂದೆ ಒಬ್ಬ ನಕ್ಕ, ಎಲ್ಲರೂ ನಕ್ಕರು. ಮಹಾಂತಯ್ಯನವರು ಮಾತ್ರ ನಗಲಿಲ್ಲ. ಕಿವಿಯಿಂದ ಒಂದು ಕಾಳು ತೆಗೆಯುತ್ತ, ನಿಜವಾದ ಕಳವಳದಿಂದ ಕೇಳಿದರು: "ಶಾಮೀದಸಾಬ, ನಮ್ಮ ಮಿಲ್ಲಿನ ಬೋರ್ಡಿನಾಗ ಹಿಂಗ ಎಲ್ಲಿಗೂ ಹೋಗದ ತಂತಿ ಎಷ್ಟು ಕತ್ತರಿಸೀದಿ?"

ಅಂಬಣ್ಣ ಬರೆದದ್ದನ್ನು ಹೊಡೆದುಹಾಕಿದ. ಇಂದಿನ ರೇಸಿನಿಂದ ಹೊರಗೆ, ಮುಂದಿನವಕ್ಕೆ ಅಡ್ಡಿಯಿಲ್ಲ ಎಂದು ಬರೆದ. ಕಾರಣದ ಜಾಗದಲ್ಲಿ ಬಹಳ ಹೊತ್ತು ಯೋಚಿಸಿ, 'ತಂದೆ' ಎಂದಷ್ಟೇ ನಮೂದಿಸಿದ.

ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಮೂವರೂ ಒಂದೇ ಬೆಂಚಿನ ಮೇಲೆ ಕೂತರು. ದೇವದುರ್ಗದ ಬಸ್ಸಿಗೂ ರಾಯಚೂರಿನ ಬಸ್ಸಿಗೂ ಇನ್ನೂ ಹೊತ್ತಿತ್ತು. ವಾಹಿದಾ ಮಂಡಕ್ಕಿ ಒಗ್ಗರಣೆಯ ಪೊಟ್ಟಣ ಬಿಚ್ಚಿದಳು. ಶಾಮೀದಸಾಬರು ತಿನ್ನಲಿಲ್ಲ. ಕಾರಿನ ಮುಚ್ಚಳ ತೆಗೆದು ತೊಡೆಯ ಮೇಲಿಟ್ಟುಕೊಂಡು ಆ ಬೂದು ತುಣುಕನ್ನೇ ನೋಡುತ್ತ ಕೂತಿದ್ದರು. ಆಮೇಲೆ ಕಾರನ್ನು ಮಗಳ ಕಡೆ ಸರಿಸಿ ಕೇಳಿದರು.

"ಮಿನಾಜ್, ಇದರ ಕೆಲಸ ಏನು?"

ಅಪ್ಪ ತನ್ನನ್ನು ತಂತಿಯ ಬಗ್ಗೆ ಕೇಳುತ್ತಿದ್ದಾರೆಂಬುದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಹತ್ತಿರ ಸರಿದು ಬೆರಳಿಟ್ಟು ತೋರಿಸಿದಳು. "ಇಲ್ಲೆ ತುದೀಗೆ ಮೂರು ಸೆಂಟಿಮೀಟರ್ ಇತ್ತಲ್ಲ, ಅದ ಮುಖ್ಯ. ಉಳಿದ ತಂತಿ ಎಲ್ಲ ಕರೆಂಟ್ ಒಯ್ತಾವ, ಹುಕುಂ ಒಯ್ತಾವ. ಇದು ಏನೂ ಮಾಡಂಗಿಲ್ಲ, ಅಬ್ಬಾ. ದೂರದಿಂದ ಹೇಳಿದ್ದು ಸುಮ್ಮನ ಕೇಳ್ತದ, ಅಷ್ಟ. ಗಿಡ್ಡ ಆದ್ರ ಹತ್ರ ಹೇಳಿದ್ದೂ ಕೆಲವು ಸಲ ಕೇಳಂಗಿಲ್ಲ."

ಶಾಮೀದಸಾಬರು ತಲೆ ಆಡಿಸಿದರು.

"ಹೊಸ ರಿಸೀವರ್ ತರಿಸ್ತೀನಿ," ಎಂದಳು ಮಿನಾಜ್, ಮಂಡಕ್ಕಿಯ ಪೊಟ್ಟಣದ ಕಡೆ ನೋಡುತ್ತ. "ನೀವ ಕೂಡಿಸಿ ಕೊಡ್ರಿ. ನನ್ನ ಕೈಲೆ ಇಷ್ಟು ಚೊಕ್ಕ ಬರಂಗಿಲ್ಲ. ಶನಿವಾರ ನಾ ಬಂದ ಮ್ಯಾಲ, ಇಬ್ಬರೂ ಕೂಡಿ ಮಾಡೂನು."

ಶಾಮೀದಸಾಬರು ಆ ತುಂಡು ತಂತಿಯ ನೆಪ ಹಿಡಿದು ಹೆಂಡತಿಯ ಕಡೆ ತಿರುಗಿದರು. "ನೋಡಿದಿ? ಇಷ್ಟು ಗಿಡ್ಡ ಆಗಿದ್ದಕ್ಕ ಇಷ್ಟೆಲ್ಲ ಆತು."

ವಾಹಿದಾ ಮಂಡಕ್ಕಿ ಅಗಿದು ನುಂಗಿದಳು.

"ನನಗೇನು ಹೇಳ್ತೀರಿ," ಎಂದಳು. "ಕೇಳೋ ತಂತಿ ಗಿಡ್ಡ ಇದ್ದ ಗಾಡೀನ ನಾ ಮೂವತ್ತು ವರ್ಷದಿಂದ ಓಡಸಾಕತ್ತೀನಿ."