ಮೂರು ಕ್ರಿಮಿಗಳ ಅಳಿಯ

ಫಿಟ್ಟರಿಗೆ ಬಂದದ್ದು ಬರೀ ಒಂದು ಉರಿ. ಮೂತ್ರಕ್ಕೆ ಹೋದರೆ ಉರಿ, ಸಂಜೆಯಾದರೆ ಮೈ ಕೊಂಚ ಬಿಸಿ. ಹಡಗಿನ ಇಂಜಿನ್ ಕೋಣೆಯಲ್ಲಾಗಿದ್ದರೆ ಅದನ್ನು ಯಾರೂ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಆದರೆ ಅವನು ರಜೆಯ ಮೇಲೆ ಮನೆಗೆ ಬಂದಿದ್ದ. ಮನೆಯಲ್ಲಿ ಹೆಂಡತಿಯಿದ್ದಳು, ಅವಳ ಮಡಿಲಲ್ಲಿ ಆಗಷ್ಟೇ ಹುಟ್ಟಿದ ಮಗಳಿದ್ದಳು, ಇಬ್ಬರಿಗೂ ಕಾವಲಾಗಿ ಅತ್ತೆಯಿದ್ದರು.

ಅತ್ತೆಯೆಂದರೆ ಸಾಮಾನ್ಯರಲ್ಲ. ಅಂಗಡಿಯಿಂದ ಬಂದ ಸೋಪನ್ನೂ ಕವರಿನ ಸಮೇತ ತೊಳೆದು ಒಳಗಿಡುವವರು. "ಸೋಂಕಿರಬಹುದು ಅಂತ ಡಾಕ್ಟರೇ ಅಂದಿದಾರಲ್ಲ? ಏನೂ ಇಲ್ಲ ಅಂತ ಕಾಗದ ಬರೋವರೆಗೂ ಮಗು ಮುಟ್ಟೋ ಹಾಗಿಲ್ಲ ಅಳಿಯಂದಿರೇ," ಎಂದು ಕೋಣೆಯ ಹೊಸಿಲಿಗೆ ಅಡ್ಡ ನಿಂತೇಬಿಟ್ಟರು.

ಫಿಟ್ಟರ್ ಮಗಳನ್ನು ಇನ್ನೂ ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಭಾನುವಾರ ರಾತ್ರಿ ರೈಲು ಹತ್ತಿ ಬಂದರಿಗೆ ಹೋದರೆ ಮತ್ತೆ ಮನೆ ಕಾಣುವುದು ಏಳು ತಿಂಗಳಿಗೆ. ಅಷ್ಟರಲ್ಲಿ ಅವಳಿಗೆ ಹಲ್ಲು ಬಂದಿರುತ್ತದೆ, ಇವನ ಮೀಸೆ ಕಂಡು ಕಿಟಾರನೆ ಕಿರುಚುತ್ತಾಳೆ.

ಶುಕ್ರವಾರ ಬೆಳಿಗ್ಗೆ ಮೂತ್ರಪರೀಕ್ಷೆಯ ರಿಪೋರ್ಟ್ ಬಂತು. ಜೊತೆಗೆ ಎದುರುಮನೆಯ ನಿವೃತ್ತ ಮೇಷ್ಟ್ರೂ ಬಂದರು. ಕರೆಯಬೇಕೆಂಬ ಪದ್ಧತಿ ಅವರಿಗಿಲ್ಲ. ಕಾಗದವನ್ನು ಫಿಟ್ಟರನ ಕೈಯಿಂದ ಕಿತ್ತುಕೊಂಡು ಕನ್ನಡಕ ಏರಿಸಿದರು.

"ಬ್ಯಾಕ್ಟೀರಿಯಾ ಬೆಳೆದಿದೆ," ಎಂದರು, ಫೇಲಾದವನ ಹೆಸರು ಓದುವ ದನಿಯಲ್ಲಿ. "ಒಂದಲ್ಲ ಕಣಯ್ಯಾ, ಮೂರು ಥರ!"

"ಅಯ್ಯೋ ದೇವರೇ, ಮೂರಾ!" ಒಳಗಿನಿಂದ ಹೆಂಡತಿ ಕೂಗಿದಳು.

"ಕೆಳಗೆ ಸಣ್ಣಕ್ಷರದಲ್ಲಿ ಇನ್ನೇನೋ ಇದೆ, ಅದು ಬಿಡಿ. ಮೂರು ಅಂದ್ರೆ ಮೈಯೆಲ್ಲಾ ಹರಡಿದೆ ಅಂತ್ಲೇ ಲೆಕ್ಕ. ನನ್ನ ಹತ್ರ ಹೋದ ವರ್ಷದ ಮಾತ್ರೆ ಉಳಿದಿವೆ, ತಂದ್ಕೊಡ್ಲಾ?"

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. "ಮೂರು ಇಟ್ಕೊಂಡು ಏನೂ ಆಗಿಲ್ಲದವರ ಹಾಗೆ ಓಡಾಡ್ತಿದೀರಲ್ಲ!"

ಮೇಷ್ಟ್ರ ಬಾಯಿಗೆ ಬಿದ್ದ ಮೇಲೆ ಕೇಳಬೇಕೆ? ಫಿಟ್ಟರ್ ಮೆಟ್ಟಿಲಿಳಿಯುವಷ್ಟರಲ್ಲಿ ಕಟ್ಟಡಕ್ಕೆಲ್ಲ ಸುದ್ದಿಯಾಗಿತ್ತು. ಕೆಳಗಿನ ಮನೆಯ ದರ್ಜಿ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು ದಾರಿ ಬಿಟ್ಟ. ಫಿಟ್ಟರಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು, ಭಯವೂ ಆಯಿತು.

ಡಾಕ್ಟರಮ್ಮ ಮೊದಲು ಓದಿದ್ದೇ ಆ ಸಣ್ಣಕ್ಷರವನ್ನು. ಓದಿ ನಕ್ಕುಬಿಟ್ಟರು.

"ಯಾರ್ರೀ ನಿಮ್ಮನ್ನ ಹೆದರಿಸಿದ್ದು? ನಿಜವಾದ ಸೋಂಕಾದ್ರೆ ಸಾಮಾನ್ಯವಾಗಿ ಒಂದೇ ಜಾತಿ ದಂಡಿಯಾಗಿ ಬೆಳೆದಿರುತ್ತೆ. ಇಲ್ಲಿ ಮೂರು ಥರ, ಎಲ್ಲಾ ಸ್ವಲ್ಪ ಸ್ವಲ್ಪ. ಹೊರಗಿಂದ ಸೇರ್ಕೊಂಡಿರೋ ಹಾಗಿದೆ, ಹೊಸ ಸ್ಯಾಂಪಲ್ ಕೊಡಿ ಅಂತ ಬರೆದೇ ಇದಾರೆ ನೋಡಿ. ಡಬ್ಬಿನ ಯಾರಾದ್ರೂ ಮುಟ್ಟಿದ್ರಾ?"

ಫಿಟ್ಟರಿಗೆ ತಟ್ಟನೆ ನೆನಪಾಯಿತು. ಸ್ಯಾಂಪಲ್ ಕೊಡುವ ದಿನ ಮೇಜಿನ ಮೇಲಿದ್ದ ಡಬ್ಬಿಯನ್ನು ಮೇಷ್ಟ್ರು ಎತ್ತಿ, ಹೊರಳಿಸಿ, ಚೀಟಿ ಓದಿದ್ದರು. ಅವನ ಮೈಯೆಲ್ಲ ಉರಿದುಹೋಯಿತು.

"ಮಗು ಎತ್ಕೋಬಹುದಾ ಡಾಕ್ಟ್ರೇ?"

"ಧಾರಾಳವಾಗಿ. ಕೈ ತೊಳ್ಕೊಂಡು ಎತ್ಕೊಳ್ಳಿ. ಕಂಡವರ ಮಾತ್ರೆ ಮಾತ್ರ ನುಂಗಬೇಡಿ, ಆಮೇಲೆ ಟೆಸ್ಟಲ್ಲಿ ಇರೋದೂ ಕಾಣಲ್ಲ." ಮೊಹರು ಮಾಡಿದ ಹೊಸ ಡಬ್ಬಿ ಕೊಟ್ಟರು. ಸಂಜೆ ಆರರೊಳಗೆ ಲ್ಯಾಬಿಗೆ ಮುಟ್ಟಿಸಿದರೆ ಭಾನುವಾರ ಮಧ್ಯಾಹ್ನ ರಿಪೋರ್ಟ್. ರೈಲಿಗೆ ಮುಂಚೆ ಒಂದಿಡೀ ಮಧ್ಯಾಹ್ನ! ಫಿಟ್ಟರ್ ಓಡೋಡಿ ಮನೆಗೆ ಬಂದು, ಮಗು ಎತ್ತಿಕೊಳ್ಳಬಹುದಂತೆ ಎಂದ.

"ಬಾಯಿಮಾತು ಯಾರಿಗೆ ಬೇಕು? ಕಾಗದ ತೋರಿಸಿ," ಎಂದರು ಅತ್ತೆ.

"ಹೋದ ಸಲ ಡಬ್ಬಿಗೇ ಏನೋ ಕೊಳೆ ಸೇರಿತ್ತಂತೆ ಅತ್ತೆ."

"ಹೌದಾ!" ಅತ್ತೆಯ ಮುಖ ಗಂಭೀರವಾಯಿತು.

ಅಷ್ಟರಲ್ಲಿ ಮೇಷ್ಟ್ರು ಬಾಗಿಲಲ್ಲಿ ಕಾಣಿಸಿಕೊಂಡರು. "ಹೊಸ ಡಬ್ಬಿನಾ? ಎಲ್ಲಿ ಕೊಡು, ನೋಡೋಣ."

ಫಿಟ್ಟರ್ ಡಬ್ಬಿಯನ್ನು ಎದೆಗವಚಿಕೊಂಡು ಒಳಗೆ ನುಗ್ಗಿದ. ಈ ಮನೆಯಲ್ಲಿ ನಂಬಬಹುದಾದ ಕೈ ಒಂದೇ. "ಅತ್ತೆ, ಇದನ್ನ ಆ ಮನುಷ್ಯನಿಗೆ ಸಿಗದ ಹಾಗೆ ಇಟ್ಕೊಳ್ಳಿ. ಚೂರೂ ಕೊಳೆ ಇರಬಾರದಂತೆ."

"ನನಗೆ ಹೇಳಿಕೊಡ್ತೀರಾ?" ಎಂದು ಅತ್ತೆ ಡಬ್ಬಿ ಒಯ್ದು ಬೀರುವಿಗೆ ಬೀಗ ಹಾಕಿದರು.

ಫಿಟ್ಟರ್ ಹೊಟ್ಟೆ ತುಂಬ ನೀರು ಕುಡಿದು ಕೂತ. ಮೇಷ್ಟ್ರೂ ಎದುರಿಗೆ ಕೂತು, ಇದೇ ಥರ ಶುರುವಾಗಿ ತೀರಿಕೊಂಡ ತಮ್ಮ ಬಂಧುಗಳ ಕತೆಯನ್ನು ಒಬ್ಬೊಬ್ಬರದಾಗಿ ಹೇಳಿದರು. ಐದೂವರೆಗೆ ಫಿಟ್ಟರಿಗೆ ತಡೆಯಲಾಗಲಿಲ್ಲ.

"ಅತ್ತೆ, ಡಬ್ಬಿ!"

"ಮಗೂಗೆ ಸ್ನಾನ ಮಾಡಿಸ್ತಿದೀನಿ, ಇರಿ!"

"ಕೀಲಿ ಆದ್ರೂ ಕೊಡಿ!"

"ನನ್ನ ಸೊಂಟದಲ್ಲಿದೆ!"

ಅವನು ಒಂಟಿಕಾಲಲ್ಲಿ ಕುಣಿದ, ಗೋಡೆ ಹಿಡಿದ, ಕಣ್ಣು ಮುಚ್ಚಿದ. ಕೊನೆಗೆ ಅತ್ತೆ ಕೈ ಒರೆಸಿಕೊಂಡು ಬಂದು ಡಬ್ಬಿ ಕೊಟ್ಟರು. ಮುಚ್ಚಳ ಮುಟ್ಟಿದೊಡನೆ ಬಿಚ್ಚಿತು. ಆ ಅವಸರಕ್ಕೆ ಅದೂ ಒಳ್ಳೆಯದೇ ಆಯಿತು. ಡಾಕ್ಟರಮ್ಮ ಹೇಳಿದ್ದಂತೆ ಶುರುವಿನದನ್ನು ಬಿಟ್ಟು ನಡುವಿನದನ್ನು ಹಿಡಿದು, ಬೀದಿಯಲ್ಲಿ ಬಿದ್ದು ಎದ್ದು ಓಡಿ, ಅರ್ಧ ಇಳಿದಿದ್ದ ಲ್ಯಾಬಿನ ಷಟರ್ ಕೆಳಗೆ ತೂರಿಸಿಬಿಟ್ಟ. ಒಳಗಿನ ಕೈ ತೆಗೆದುಕೊಂಡಿತು.

ಹಗುರಾಗಿ ಮನೆಗೆ ಬಂದ. ಅತ್ತೆ ತಾವಾಗಿಯೇ ಚಹಾ ತಂದಿಟ್ಟರು. ಇಷ್ಟು ದಿನದಲ್ಲಿ ಮೊದಲ ಸಲ ನಕ್ಕರು ಕೂಡ.

"ಈ ಸಲ ಏನೂ ಬರಲ್ಲ, ಧೈರ್ಯವಾಗಿರಿ. ಹೋದ ಸಲ ಡಬ್ಬಿನ ಬರೀ ನಲ್ಲಿ ನೀರಲ್ಲಿ ಗಲಬರಿಸಿ ಇಟ್ಟಿದ್ದೆ. ನನ್ನದೇ ತಪ್ಪು. ಇವತ್ತು ಪಾತ್ರೆ ಉಜ್ಜೋ ನಾರಲ್ಲಿ ಒಳಗೆಲ್ಲಾ ಚೆನ್ನಾಗಿ ಉಜ್ಜಿ, ಅಡುಗೆಮನೆ ಬಟ್ಟೆಲಿ ಒರೆಸಿ ಇಟ್ಟಿದ್ದೆ."

ಫಿಟ್ಟರ್ ಲೋಟ ಕೆಳಗಿಟ್ಟ: ಮೊಹರು ಮಾಡಿದ್ದ ಶುದ್ಧ ಡಬ್ಬಿಗೆ ನಾರಿನ, ಬಟ್ಟೆಯ ಕ್ರಿಮಿಗಳೆಲ್ಲ ಸೇರಿಹೋಗಿದ್ದವು. ನಾಳೆ ಇನ್ನೊಂದು ಕೊಟ್ಟರೆ ಉತ್ತರ ಬರುವುದು ಸೋಮವಾರ. ಆಗ ಅವನು ಕಡಲ ಮೇಲೆ.

ಒಳಗೆ ಮಗು ಅತ್ತಿತು. ಅವನು ಎದ್ದು ಹೊಸಿಲವರೆಗೆ ಹೋದ.

"ಅಲ್ಲೇ ನಿಲ್ಲಿ ಅಳಿಯಂದಿರೇ," ಎಂದರು ಅತ್ತೆ, ತುಂಬ ಅಕ್ಕರೆಯಿಂದ. "ಇಷ್ಟು ದಿನ ತಡ್ಕೊಂಡಿದೀರಿ. ಭಾನುವಾರ ಕಾಗದ ಬರಲಿ, ನಾನೇ ತಂದು ನಿಮ್ಮ ಕೈಗೆ ಕೊಡ್ತೀನಿ."